ತಣ್ಣೀರುಬಾವಿಯಿಂದ ಬೆಂದ್ರ್ ತೀರ್ಥಕ್ಕೆ

ಮಳೆಗಾಲ ಮುಗಿದು ಆಕಾಶ ತಿಳಿಯಾಗುವುದೇ ತಡ, ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ‘ಮಂಗಳೂರಿಗೆ ಬರುತ್ತಿದ್ದೇವೆ, ಎರಡು ದಿನ ಇರುತ್ತೇವೆ. ಪಣಂಬೂರು ಬೀಚು, ನಾಲ್ಕು ದೇವಸ್ಥಾನ, ಒಂದು ಐಸ್‌ಕ್ರೀಮು, ಇಷ್ಟು ಬಿಟ್ಟರೆ ಬೇರೇನುಂಟು?’ ಕೇಳುವವರು ಹೊರಗಿನವರೇ ಆಗಬೇಕೆಂದಿಲ್ಲ. ಸುರತ್ಕಲ್ಲಿನವರೂ ಕಾವೂರಿನವರೂ ಕೇಳುತ್ತಾರೆ. ಮನೆಗೆ ನೆಂಟರು ಬಂದಾಗಲೇ ನಮ್ಮೂರನ್ನು ನಾವು ನೋಡಿಲ್ಲವೆಂಬುದು ನೆನಪಾಗುವುದು.

ನನಗೂ ಹಾಗೆಯೇ ಆಯಿತು. ಬಾದಾಮಿ ಕಡೆಯ ಗೆಳೆಯರೊಬ್ಬರು, ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು, ಒಂದು ಡಿಸೆಂಬರಿನಲ್ಲಿ ಬಂದಿದ್ದರು. ಸಂಜೆ ಪಣಂಬೂರಿಗೆ ಕರೆದೊಯ್ದೆ. ಕಡಲಿಗೆ ಇಳಿಯುವ ಸೂರ್ಯ, ಬಂದರಿನ ಬಾಯಲ್ಲಿ ಸರದಿಗೆ ಕಾದು ನಿಂತ ಹಡಗುಗಳು, ಚುರುಮುರಿ, ಒಂಟೆ ಸವಾರಿ, ಎಲ್ಲ ಆಯಿತು. ಮರಳಿನ ಮೇಲೆ ಕೂತು ಅವರು ಸುತ್ತ ಒಮ್ಮೆ ನೋಡಿ, “ಅಲ್ರೀ ರಾಯರ, ಎರಡ್ ಸಾವಿರ ವರ್ಷದ ಊರು ಅಂತೀರಿ. ಹಳೇದು ಅಂಬೋದು ಒಂದೂ ಕಣ್ಣಿಗೆ ಬೀಳವಲ್ದಲ್ರೀ!” ಎಂದರು.

ಅವರ ಮಾತಿನಲ್ಲಿ ತಪ್ಪೇನಿಲ್ಲ. ಅವರ ಊರಿನಲ್ಲಿ ಮನೆಯಿಂದ ಹೊರಗೆ ಬಂದರೆ 578ನೇ ಇಸವಿಯ ಗುಹಾಲಯ ಎದುರಿಗೇ ಇದೆ. ನಮ್ಮಲ್ಲಿ? ರೋಮಿನ ಪ್ಲಿನಿ ಒಂದನೇ ಶತಮಾನದಲ್ಲಿ ಕಡಲ್ಗಳ್ಳರ ತಾಣವೆಂದು ಹೆಸರಿಸಿದ ‘ನಿತ್ರಿಯಾಸ್’ ನಮ್ಮ ನೇತ್ರಾವತಿಯ ದಡದ್ದೇ ಎಂದು ಹೇಳುವ ವಿದ್ವಾಂಸರಿದ್ದಾರೆ. ಆರನೇ ಶತಮಾನದ ಕಾಸ್ಮಾಸ್ ಎಂಬ ವರ್ತಕ ಸನ್ಯಾಸಿ ಕಾಳುಮೆಣಸು ಸಾಗಿಸುವ ಬಂದರುಗಳ ಪಟ್ಟಿಯಲ್ಲಿ ‘ಮಂಗರೂತ್’ ಎಂದು ಬರೆದಿಟ್ಟ. ಅಳುಪರು ಇಲ್ಲಿಂದ ಆಳಿದರು. 1342ರ ಸುಮಾರಿಗೆ ಇಬ್ನ್ ಬತೂತ ಬಂದು ಹೋದ. ಇಷ್ಟೆಲ್ಲ ಆದರೂ ಊರಿನಲ್ಲಿ ಒಂದು ಹಾಳು ಕೋಟೆಯ ಗೋಡೆಯೂ ಸಲೀಸಾಗಿ ಸಿಗುವುದಿಲ್ಲ.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಮಳೆ, ಮುರಕಲ್ಲಿನ ಗೋಡೆ, ಮರದ ತೊಲೆ, ಮುಳಿಹುಲ್ಲಿನ ಮಾಡು. ಬಾದಾಮಿಯ ಮರಳುಗಲ್ಲು ಒಣಹವೆಯಲ್ಲಿ ನೂರಾರು ವರ್ಷ ನಿಂತಂತೆ ಇಲ್ಲಿ ಯಾವುದೂ ನಿಲ್ಲುವುದಿಲ್ಲ. ಹುಲ್ಲು ಎರಡು ಮಳೆಗೆ ಕೊಳೆಯುತ್ತದೆ, ಮರಕ್ಕೆ ಗೆದ್ದಲು, ತಾಳೆಗರಿಗೆ ಬೂಷ್ಟು, ಗೋಡೆಗೆ ಹಾವಸೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನ ನದಿದಂಡೆಯಲ್ಲಿ ಹಂಚು ಸುಡಲು ಶುರುಮಾಡಿ ಜಗತ್ತಿಗೆಲ್ಲ ‘ಮಂಗಳೂರು ಹಂಚು’ ಕೊಟ್ಟರಲ್ಲ, ಅದು ಈ ಮಳೆಗೆ ಸಿಕ್ಕ ಉತ್ತರ. ಹಾಗಾಗಿ ನಮ್ಮಲ್ಲಿ ಹಳೆಯದು ನೆಲದ ಮೇಲೆ ಉಳಿದದ್ದು ಕಡಿಮೆ. ಅದು ಪೆಟ್ಟಿಗೆಯೊಳಗೆ, ಅಟ್ಟದಲ್ಲಿ, ನೀರಿನ ಬುಡದಲ್ಲಿ ಇದೆ. ಪಣಂಬೂರಿಗೆ ಬಂದವರೆಲ್ಲ ಕಡಲಿಗೆ ಮುಖಮಾಡಿ ನಿಲ್ಲುತ್ತಾರೆ. ಒಂದು ಗಳಿಗೆ ನಿಂತು ಆಮೇಲೆ ಕಡಲಿಗೆ ಬೆನ್ನು ಹಾಕಿ ನಡೆಯಿರಿ ಎಂಬುದು ನನ್ನ ಸಲಹೆ.

ಪಣಂಬೂರೇ ಇದಕ್ಕೆ ಮೊದಲ ಪಾಠ. ಇಂದು ಆ ಹೆಸರು ಕೇಳಿದರೆ ನೆನಪಿಗೆ ಬರುವುದು ಬಂದರು, ಗೊಬ್ಬರದ ಕಾರ್ಖಾನೆ, ಟ್ಯಾಂಕರುಗಳ ಸಾಲು. ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಯಿತು, 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಅದು ನದಿಯ ಅಳಿವೆಯಲ್ಲಿ ತಾನಾಗಿ ಆದ ಬಂದರಲ್ಲ, ದಡವನ್ನೇ ಅಗೆದು ಕಡಲನ್ನು ಒಳಗೆ ಕರೆದದ್ದು. ಹಡಗು ನಿಲ್ಲುವ ಜಾಗದಲ್ಲಿ ಒಂದು ಕಾಲಕ್ಕೆ ಗದ್ದೆ, ತೆಂಗಿನ ತೋಟ, ಮನೆ ಇದ್ದವು. ಮಳೆಗಾಲ ಕಳೆದ ಮೇಲೆ ಪ್ರವಾಸಿ ಹಡಗುಗಳು ಇಲ್ಲಿಗೇ ಬರುತ್ತವೆ. ವಿದೇಶಿಯರು ಬೆಳಿಗ್ಗೆ ಇಳಿದು ಬಸ್ಸು ಹತ್ತಿ ಕುದ್ರೋಳಿ, ಪಿಲಿಕುಳ, ಮೂಡುಬಿದಿರೆ ನೋಡಿ ಸಂಜೆಗೆ ಮರಳುತ್ತಾರೆ. ಅಷ್ಟು ಅವಸರ ನಮಗೆ ಬೇಡ.

ಬಂದರಿನ ದಕ್ಷಿಣಕ್ಕೆ ಹೋದರೆ ತಣ್ಣೀರುಬಾವಿ. ಹೆಸರೇ ಒಂದು ಪ್ರಶ್ನೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದರಲ್ಲಿ ಉಬ್ಬರಕ್ಕೆ ಉಪ್ಪಾಗುವ ಗುರುಪುರ ನದಿ, ನಡುವೆ ಮರಳಿನ ಪಟ್ಟಿ. ಅಲ್ಲಿ ಸಿಹಿನೀರಿನ ಬಾವಿ ಹೇಗೆ? ಮಾಸ್ತರರು ಮರಳಿನ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸಿದರು. ಮಳೆನೀರು ಉಪ್ಪುನೀರಿಗಿಂತ ಹಗುರ. ಮರಳಿನಲ್ಲಿ ಇಂಗಿದ ಮಳೆ ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತಾ ಮಸೂರದ ಆಕಾರದಲ್ಲಿ ನಿಲ್ಲುತ್ತದೆ. ಸಮುದ್ರಮಟ್ಟದಿಂದ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರೇ ಇರುತ್ತದೆ ಎಂಬುದು ಲೆಕ್ಕ. ಕೊಡದಿಂದ ಸೇದುವವರೆಗೆ ಏನೂ ಆಗದು. ಪಂಪು ಇಟ್ಟು ಎಳೆದರೆ ಉಪ್ಪು ಮೇಲೇರಿ ಬರುತ್ತದೆ. ನೀರು ಇರುವುದು ನಮ್ಮ ಆಸೆಗೆ ತಕ್ಕಂತೆ ಅಲ್ಲ, ಅದರದ್ದೇ ಒಂದು ತೂಕದ ಮೇಲೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

ತಣ್ಣೀರುಬಾವಿಯಿಂದ ದೋಣಿಯಲ್ಲಿ ನದಿ ದಾಟಿದರೆ ಸುಲ್ತಾನ್ ಬತ್ತೇರಿ. ನದಿಗೆ ನುಗ್ಗುವ ಹಡಗುಗಳನ್ನು ತಡೆಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಸಣ್ಣ ಕಾವಲು ಬುರುಜು. ಐದು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಆದರೆ ದೋಣಿಯಲ್ಲಿ ಕೂತು ನೋಡಿದರೆ ಮಾತ್ರ ಅದನ್ನು ಅಲ್ಲಿಯೇ ಯಾಕೆ ಕಟ್ಟಿದರು ಎಂದು ತಿಳಿಯುತ್ತದೆ. ಕಾರಿನಲ್ಲಿ ಹೋದವರಿಗೆ ಅದು ಬರೀ ಒಂದು ಕಲ್ಲಿನ ಕಟ್ಟೆ.

ಅಲ್ಲಿಂದ ಬಿಜೈಗೆ. ಕೆಎಸ್ಸಾರ್ಟಿಸಿ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಗುಡ್ಡದ ಮೇಲೊಂದು ಹಡಗು ನಿಂತಿದೆ. ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ. ಶಸ್ತ್ರಚಿಕಿತ್ಸಕ ಕರ್ನಲ್ ವಿ. ಆರ್. ಮಿರಾಜ್‌ಕರ್ ತಮ್ಮ ಮನೆಯನ್ನು ಹಡಗಿನ ಆಕಾರದಲ್ಲಿ ಕಟ್ಟಿಸಿದ್ದರು. ತಾಯಿಯ ಹೆಸರು ಉಳಿಯಲೆಂದು 1955ರಲ್ಲಿ ಅದನ್ನೂ ತಮ್ಮ ಸಂಗ್ರಹವನ್ನೂ ಸರ್ಕಾರಕ್ಕೆ ಕೊಟ್ಟರು. 1960ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಶಿಲ್ಪ, ಆಯುಧ, ನಾಣ್ಯ, ಪಿಂಗಾಣಿ, ಚಿತ್ರ ಎಲ್ಲವೂ ಒಂದು ಸೂರಿನಡಿ ಇವೆ. ದಿನವೂ ಸಾವಿರಾರು ಜನ ಬಸ್ಸು ಹತ್ತಿ ಇಳಿಯುವ ಜಾಗದ ಪಕ್ಕದಲ್ಲೇ ಇದ್ದರೂ ನಾನು ಹೋದಾಗಲೆಲ್ಲ ಒಳಗೆ ನನ್ನ ಹೆಜ್ಜೆಯ ಸದ್ದೇ ನನಗೆ ಕೇಳಿಸಿದ್ದು ಹೆಚ್ಚು.

ವಸ್ತುಸಂಗ್ರಹಾಲಯ ಎಂದರೆ ಬೇಸರ ಎಂದು ಮಕ್ಕಳು ಹೇಳುವುದಕ್ಕೆ ನಾವೇ ಕಾರಣ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುತ್ತಾ ಹೋಗುವವರಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತೇವೆ, ಯಾವುದರ ಮುಂದೆಯೂ ನಿಲ್ಲುವುದಿಲ್ಲ. ನನ್ನ ಕ್ರಮ ಬೇರೆ. ಒಳಗೆ ಹೋದ ಮೇಲೆ ಮೂರು ವಸ್ತು ಆರಿಸಿಕೊಳ್ಳುವುದು, ಅವುಗಳ ಮುಂದೆ ಮಾತ್ರ ನಿಲ್ಲುವುದು. ಇದು ಇಲ್ಲಿಗೆ ಹೇಗೆ ಬಂತು, ಯಾರ ಕೈ ಹಿಡಿದಿತ್ತು, ಕೊನೆಗೆ ಯಾಕೆ ಬೇಡವಾಯಿತು, ಈ ಮೂರು ಪ್ರಶ್ನೆ ಸಾಕು. ಸಂತ ಅಲೋಶಿಯಸ್ ಸಂಸ್ಥೆಯ ‘ಅಲೋಶಿಯಂ’ ನೋಡುವುದಾದರೂ ಹೀಗೆಯೇ ನೋಡಿ. 1913ರಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ಕಿಯಾಪಿ ಶುರುಮಾಡಿದ ಸಂಗ್ರಹ ಅದು. ಮಂಗಳೂರಿನ ರಸ್ತೆಗೆ ಮೊದಮೊದಲು ಇಳಿದ ಕಾರು ಅಲ್ಲಿದೆ. ಪಕ್ಕದ ಪ್ರಾರ್ಥನಾ ಮಂದಿರದ ಗೋಡೆ, ಚಾವಣಿಗಳನ್ನೆಲ್ಲ ಬೆರ್ಗಮೋ ಕಡೆಯ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಚಿತ್ರಗಳಿಂದ ತುಂಬಿಸಿದ. ನಮ್ಮ ಮಳೆಯನ್ನು ನೂರಿಪ್ಪತ್ತು ಚಿಲ್ಲರೆ ವರ್ಷ ಎದುರಿಸಿದ ಬಣ್ಣ ಎಂಬ ಕಾರಣಕ್ಕಾದರೂ ತಲೆಯೆತ್ತಿ ನೋಡಬೇಕು.

ಇಳಿಹೊತ್ತಿಗೆ ಕದ್ರಿ. ಮಂಜುನಾಥನ ದೇವಸ್ಥಾನಕ್ಕೆ ಎಲ್ಲರೂ ಹೋಗುತ್ತಾರೆ, ಅಲ್ಲಿನ ಕಂಚಿನ ಲೋಕೇಶ್ವರನ ಮುಂದೆ ನಿಲ್ಲುವವರು ಕಡಿಮೆ. ಮೂರು ಮುಖ, ಆರು ಕೈ, ಹೆಚ್ಚುಕಡಿಮೆ ಆಳೆತ್ತರ. ಅಳುಪ ದೊರೆ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನವೇ ಹೇಳುತ್ತದೆ. ವಿಹಾರ ಎಂಬ ಮಾತು ಬೌದ್ಧರನ್ನು ನೆನಪಿಸುತ್ತದೆ, ಪಕ್ಕದ ಗುಡ್ಡದಲ್ಲಿ ನಾಥರ ಜೋಗಿ ಮಠ, ಗರ್ಭಗುಡಿಯಲ್ಲಿ ಶಿವ. ಒಂದೇ ಅಂಗಳದಲ್ಲಿ ಮೂರು ಕಾಲ ಅಕ್ಕಪಕ್ಕ ಕೂತಿವೆ, ಒಂದು ಇನ್ನೊಂದನ್ನು ಎಬ್ಬಿಸಿ ಕಳಿಸಿಲ್ಲ.

ಕಂಚು ಎಂದಾಗ ನನಗೆ ಇನ್ನೊಬ್ಬನ ನೆನಪಾಗುತ್ತದೆ. ಟ್ಯುನೀಶಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು. 1132ರ ಸುಮಾರಿಗೆ ಮಂಗಳೂರಿಗೆ ಬಂದು ಹದಿನೇಳು ವರ್ಷ ಇಲ್ಲಿ ನೆಲೆಸಿದ. ಮೆಣಸು, ಅಡಕೆ, ಏಲಕ್ಕಿಯ ವ್ಯಾಪಾರದ ಜೊತೆಗೆ ಲೋಹದ ಪಾತ್ರೆಗಳ ಕಾರ್ಖಾನೆ ನಡೆಸಿದ. ಏಡನ್ನಿನ ಗೆಳೆಯರು ಅಲ್ಲಿಂದ ತಾಮ್ರ ಮತ್ತು ಒಡೆದ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಹೊಸದು ಮಾಡಿಕೊಡು ಎಂದು ಕಾಗದ ಬರೆಯುತ್ತಿದ್ದರು. ಅವನ ನಂಬಿಕೆಯ ಆಳಿನ ಹೆಸರು ಬೊಮ್ಮ. ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಆ ಕಾಗದಗಳು ಏಳು ಶತಮಾನಕ್ಕೂ ಹೆಚ್ಚು ಕಾಲ ಕೂತಿದ್ದವು. ಅಮಿತಾವ್ ಘೋಷ್ ಅವುಗಳ ಬೆನ್ನುಹತ್ತಿ ಮಂಗಳೂರಿಗೂ ಬಂದು 1992ರಲ್ಲಿ ಪುಸ್ತಕ ಪ್ರಕಟಿಸಿದರು. ಇಲ್ಲಿಯೇ ಉಳಿದಿದ್ದರೆ ಆ ಕಾಗದಗಳು ಹತ್ತು ಮಳೆಗಾಲ ಬಾಳುತ್ತಿರಲಿಲ್ಲ. ನಮ್ಮೂರಿನ ಸುದ್ದಿ ಉಳಿದದ್ದು ಈಜಿಪ್ಟಿನ ಒಣಹವೆಯಲ್ಲಿ ಎಂದು ಹೇಳಿದಾಗ ಮಾಸ್ತರರು ಮೊದಲ ಬಾರಿ ತಲೆದೂಗಿದರು.

ಕದ್ರಿಯಲ್ಲಿ ಗೋಮುಖದಿಂದ ಸದಾ ನೀರು ಸುರಿಯುತ್ತದೆ, ಕೆಳಗೆ ಕೆರೆಗಳು ತುಂಬುತ್ತವೆ. ಇದೂ ಮಳೆಯೇ. ಮುರಕಲ್ಲು ಜೇನುಗೂಡಿನಂತೆ ತೂತುತೂತು. ಗುಡ್ಡದ ತಲೆಯ ಮೇಲೆ ಬಿದ್ದ ನೀರು ಅದರೊಳಗೆ ಇಳಿದು, ಕೆಳಗಿನ ಜೇಡಿಯ ಪದರ ತಡೆದಾಗ ಅಡ್ಡಲಾಗಿ ಹರಿದು ಗುಡ್ಡದ ಬುಡದಲ್ಲಿ ಹೊರಬರುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಕೃಷಿಕರು ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ತೋಟಕ್ಕೆ ನೀರು ಇಳಿಸುವುದೂ ಇದೇ ತಿಳಿವಳಿಕೆಯಿಂದ. ಭೂಗರ್ಭದ ಪಾಠ ಓದದ ಹಿರಿಯರು ಪಿಕ್ಕಾಸಿನ ತುದಿಯಿಂದಲೇ ಅದನ್ನು ಕಲಿತಿದ್ದರು.

ಹಸಿರು ಬೇಕೆನ್ನುವವರಿಗೆ ಪಿಲಿಕುಳ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಅದು ನೀರು ಕುಡಿಯಲು ಬರುತ್ತಿದ್ದ ಕೊಳ. ಸುಮಾರು 370 ಎಕರೆಯಲ್ಲಿ ಮೃಗಾಲಯ, ಸಸ್ಯಕಾಶಿ, ವಿಜ್ಞಾನ ಕೇಂದ್ರ, ತಾರಾಲಯ ಎಲ್ಲ ಇವೆ. ಕಾಳಿಂಗ ಸರ್ಪ ಇಲ್ಲಿ ಮರಿ ಮಾಡಿದ್ದು ದೊಡ್ಡ ಸುದ್ದಿಯಾಗಿತ್ತು. ಸಮಯ ಕಡಿಮೆಯಿದ್ದರೆ ಗುತ್ತಿನ ಮನೆಯ ಚಾವಡಿಯಲ್ಲಿ ಹತ್ತು ನಿಮಿಷ ಕೂತು, ಪಶ್ಚಿಮ ಘಟ್ಟದ ಮರಗಳ ನಡುವೆ ನಡೆದುಬನ್ನಿ. ಉಳಿದದ್ದು ಮಕ್ಕಳ ಜೊತೆ ಇನ್ನೊಂದು ದಿನಕ್ಕಿರಲಿ.

ಎರಡನೆಯ ದಿನ ಬೆಳಿಗ್ಗೆ ಬೇಗ ಹೊರಟು ಪುತ್ತೂರಿನ ದಾರಿ ಹಿಡಿಯಬೇಕು. ಬಿ.ಸಿ. ರೋಡಿನಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯವಿದೆ. ಪ್ರೊ. ತುಕಾರಾಮ ಪೂಜಾರಿಯವರು ಊರೂರು ಅಲೆದು ಕೂಡಿಸಿದ್ದು. ಬಿಜೈಯ ಸಂಗ್ರಹ ಶ್ರೀಮಂತನೊಬ್ಬನ ಅಭಿರುಚಿ ಹೇಳಿದರೆ ಇಲ್ಲಿರುವುದು ಹಟ್ಟಿ, ಗದ್ದೆ, ಅಡಿಗೆಮನೆಯ ಕತೆ. ಅಳತೆಯ ಸೇರು, ಕಳಸೆ, ಹಾಳೆಯ ಮುಟ್ಟಾಳೆ, ದೀಪ, ನೊಗ. ನಮ್ಮ ಅಜ್ಜಿಯಂದಿರು ಅಟ್ಟದಿಂದ ಇಳಿಸಿ ಗುಜರಿಗೆ ಕೊಟ್ಟದ್ದನ್ನು ಇನ್ನೊಬ್ಬರು ಜೋಪಾನ ಮಾಡಿದ್ದಾರೆ ಎಂದು ನೋಡುವಾಗ ತುಸು ನಾಚಿಕೆಯೂ ಆಗುತ್ತದೆ. ಮುಂದೆ ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನ. ಅಲ್ಲಿ ಮರದ ನೆರಳಲ್ಲಿ ಬುತ್ತಿ ಬಿಚ್ಚಬಹುದು.

ಪುತ್ತೂರಿನಿಂದ ಬೆಟ್ಟಂಪಾಡಿಯ ಕಡೆಗೆ ಹದಿನೈದು ಕಿಲೋಮೀಟರ್ ಆಚೀಚೆ ಹೋದರೆ ಇರ್ದೆ. ಅಡಕೆ ತೋಟಗಳ ಮಧ್ಯೆ, ಹೊಳೆಯ ಬದಿಯಲ್ಲಿ, ಬೆಂದ್ರ್ ತೀರ್ಥ. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು. ಇಲ್ಲಿ ಹಿಂದೆ ಮೈ ಬಿಸಿಗೆ ಸಮನಾದ, ಕೆಲವೊಮ್ಮೆ ಅದಕ್ಕೂ ತುಸು ಹೆಚ್ಚಿನ ಬಿಸಿಯಲ್ಲಿ ನೀರು ಚಿಮ್ಮುತ್ತಿತ್ತು. ಗಂಧಕದ ವಾಸನೆ. ಕಜ್ಜಿ, ತುರಿ ಗುಣವಾಗುತ್ತದೆಂದು ದೂರದಿಂದ ಬಂದು ಮೀಯುತ್ತಿದ್ದರು. ನಾನು ಚಿಕ್ಕವನಿದ್ದಾಗ ಸೋದರಮಾವ ಕರೆದುಕೊಂಡು ಹೋಗಿದ್ದರು. ದೊಡ್ಡ ಹಂಡೆಯಡಿ ಬೆಂಕಿ ಇಲ್ಲದೆ ನೀರು ಬಿಸಿಯಾಗಿರುವುದು ಆ ವಯಸ್ಸಿಗೆ ದೇವರ ಕೆಲಸವೇ ಆಗಿತ್ತು.

ಅಗ್ನಿಪರ್ವತ ಇಲ್ಲದ ನಾಡಿನಲ್ಲಿ ಬಿಸಿನೀರು ಎಲ್ಲಿಂದ? ನೆಲದೊಳಗೆ ಒಂದು ಕಿಲೋಮೀಟರ್ ಇಳಿದರೆ ಬಿಸಿ ಸುಮಾರು 25ರಿಂದ 30 ಡಿಗ್ರಿ ಏರುತ್ತದೆ. ಘಟ್ಟದ ಬುಡದ ಗಟ್ಟಿ ಬಂಡೆಯಲ್ಲಿ ಆಳದ ಬಿರುಕುಗಳಿವೆ. ಮಳೆನೀರು ಅವುಗಳಲ್ಲಿ ಇಳಿಯುತ್ತಾ ಹೋಗಿ, ಬಿಸಿಯಾಗಿ, ಒತ್ತಡ ಸಿಕ್ಕಿದಾಗ ಇನ್ನೊಂದು ಬಿರುಕಿನಲ್ಲಿ ಮೇಲೇರುತ್ತದೆ. ನಮ್ಮ ಬಾವಿಯ ನೀರು 27 ಡಿಗ್ರಿಯ ಆಸುಪಾಸು. ಬುಗ್ಗೆಯದು 37 ಎಂದರೆ ಆ ನೀರು ಕಡಿಮೆಯೆಂದರೂ ಮುನ್ನೂರು ನಾನೂರು ಮೀಟರ್ ಆಳ ನೋಡಿ ಬಂದಿರಬೇಕು. ದಾರಿಯಲ್ಲಿ ತಣ್ಣೀರು ಬೆರೆತಿದ್ದರೆ ಇನ್ನೂ ಹೆಚ್ಚು. ಕೊಂಕಣದ ವಜ್ರೇಶ್ವರಿ, ಗಣೇಶಪುರಿ, ಉನ್ಹವರೆ, ರಾಜಾಪುರಗಳ ಬುಗ್ಗೆಗಳು ಇದೇ ಪಶ್ಚಿಮ ಕರಾವಳಿಯ ಸಾಲಿನವು. ಅಲ್ಲಿ ಕೆಲವು ಕೈ ಸುಡುವಷ್ಟು ಬಿಸಿ. ನಮ್ಮದು ಆ ಸಾಲಿನ ತೆಂಕಣ ತುದಿಯ ಸೌಮ್ಯ ತಂಗಿ. ‘ದಕ್ಷಿಣ ಭಾರತದ ಏಕೈಕ’ ಎಂದು ಹೊಗಳುವುದುಂಟು. ತೆಲಂಗಾಣದ ಮಣುಗೂರಿನಲ್ಲೂ ನೆಲದಿಂದ ಬಿಸಿನೀರು ಬರುವುದರಿಂದ ಆ ಬಿರುದು ಬೇಡ. ನಮ್ಮ ಜಿಲ್ಲೆಯಲ್ಲಿ ಇಂಥದೊಂದು ಇದೆ ಎಂಬುದೇ ಸಾಕಷ್ಟು ದೊಡ್ಡದು.

ಮೆಟ್ಟಿಲಿಳಿದು ಮಾಸ್ತರರು ನೀರಿಗೆ ಕೈಯಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಸಿ ಎಲ್ಲೈತ್ರೀ? ಉಗುರುಬೆಚ್ಚಗೂ ಇಲ್ಲಲ್ಲ” ಎಂದರು. ನನಗೆ ಮುಖ ಸಣ್ಣದಾಯಿತು. ಮೊದಲಿನ ಬಿಸಿ ಈಗಿಲ್ಲವೆಂದು ಊರಿನವರೂ ಹೇಳುತ್ತಾರೆ, ಸುತ್ತಲಿನ ಕೊಳವೆಬಾವಿಗಳತ್ತ ಬೆರಳು ತೋರಿಸುತ್ತಾರೆ. ಅದು ಬರೀ ದೂರಲ್ಲ, ಲೆಕ್ಕಕ್ಕೆ ಕೂರುವ ಮಾತು. ಬುಗ್ಗೆಗೆ ಜೀವ ಕೊಡುವುದು ಬಿರುಕಿನೊಳಗಿನ ಒತ್ತಡ. ಅದೇ ಬಿರುಕಿಗೆ ಪಕ್ಕದಲ್ಲಿ ನೂರಾರು ಅಡಿ ತೂತು ಕೊರೆದು ಪಂಪು ಇಟ್ಟರೆ ಒತ್ತಡ ಇಳಿಯುತ್ತದೆ, ಮೇಲಿನ ತಣ್ಣೀರು ಆ ಜಾಗಕ್ಕೆ ನುಗ್ಗುತ್ತದೆ. ತಣ್ಣೀರುಬಾವಿಯಲ್ಲಿ ಉಪ್ಪು ಮೇಲೇರುವಂತೆ ಇಲ್ಲಿ ತಂಪು ಕೆಳಗಿಳಿಯುತ್ತದೆ. ಎರಡೂ ಕಡೆ ಕೆಡುವುದು ಒಂದೇ, ನೀರಿನ ತೂಕ. ಹಾಗೆಂದು ತೋಟದವರನ್ನು ಬೈದು ಪ್ರಯೋಜನವಿಲ್ಲ. ಬೇಸಗೆಯಲ್ಲಿ ಅಡಕೆ ಒಣಗುವಾಗ ಯಾರೂ ಬುಗ್ಗೆಯ ಬಗ್ಗೆ ಯೋಚಿಸಲಾರರು. ಇಂಥ ಒಂದು ಜಾಗದ ಸುತ್ತ ಎಷ್ಟು ದೂರದವರೆಗೆ ಕೊರೆಯಬಾರದೆಂದು ತಿಳಿದವರು ಗುರುತು ಮಾಡಿ, ಕೊರೆಯದವರಿಗೆ ಬೇರೆ ನೀರು ಒದಗಿಸಿದರೆ ಮಾತ್ರ ಮಾತು ಮುಂದೆ ಹೋದೀತು.

ಹೋಗುವವರಿಗೆ ಎರಡು ಮಾತು. ಮಳೆ ನಿಂತು ಹೊಳೆ ಇಳಿದ ಮೇಲೆ, ಡಿಸೆಂಬರ್ ಜನವರಿಯಲ್ಲಿ ಹೋಗಿ. ಅದು ತೀರ್ಥ, ಸೋಪು ಶಾಂಪೂ ಚೀಲದಲ್ಲೇ ಇರಲಿ. ನಿಂತ ಬೆಚ್ಚನೆಯ ನೀರಿನಲ್ಲಿ ತಲೆ ಮುಳುಗಿಸುವುದು, ಮೂಗಿಗೆ ನೀರೇರಿಸುವುದು ಬೇಡ. ಚರ್ಮದ ಕಾಯಿಲೆಗೆ ಮೊದಲು ವೈದ್ಯರು, ಆಮೇಲೆ ತೀರ್ಥ. ವಾಟರ್ ಪಾರ್ಕಿನ ಸಂಭ್ರಮ ಬಯಸಿ ಹೋದರೆ ಬೇಸರ ಖಂಡಿತ. ನಾವು ಕಾಣದ ಆಳಕ್ಕೆ ಹೋಗಿ ಬಂದ ನೀರು ಇದು ಎಂದುಕೊಂಡು ಹತ್ತು ನಿಮಿಷ ದಂಡೆಯಲ್ಲಿ ಕೂರಬಲ್ಲಿರಾದರೆ ಹೋಗಿ.

ವಾಪಸು ಬರುವಾಗ ಮಾಣಿ ದಾಟುವವರೆಗೆ ಮಾಸ್ತರರು ಮಾತಾಡಲಿಲ್ಲ. ಆಮೇಲೆ ಒಮ್ಮೆಲೇ, “ಥರ್ಮಾಮೀಟರ್ ತರಬೇಕಿತ್ತು ನೋಡ್ರಿ. ಇವತ್ತಿನ ತಾರೀಕು ಹಾಕಿ ಬರದಿಟ್ಟಿದ್ರ ಮುಂದ ಯಾರಿಗರ ಉಪಯೋಗ ಆಗ್ತಿತ್ತು” ಎಂದರು. ಅಳುಪ ದೊರೆ ಪೀಠದ ಮೇಲೆ ಇಸವಿ ಕೆತ್ತಿಸಿದ್ದರಿಂದ ತಾನೇ ಲೋಕೇಶ್ವರನ ವಯಸ್ಸು ನಮಗೆ ಗೊತ್ತಾದದ್ದು. ಈ ಡಿಸೆಂಬರಿಗೆ ಅವರು ಮತ್ತೆ ಬರುತ್ತಿದ್ದಾರೆ. ನಾನು ಐವತ್ತು ಪುಟದ ಒಂದು ನೋಟ್‌ಬುಕ್ಕು ತಂದಿಟ್ಟಿದ್ದೇನೆ. ಥರ್ಮಾಮೀಟರು ಅವರದು.